ಕುರ್ಲಿ ಆಟ

ಅದರ ನಿಜ ಹೆಸರು ನಮಗೆ ಗೊತ್ತಿರಲಿಲ್ಲ.
ಟೀವಿಯಲ್ಲಿ ಮೂಡುತ್ತಿದ್ದದ್ದು ಜಪಾನಿ ಅಕ್ಷರ,
ತಟ್ಟೆಯ ಅಂಚಿಗೆ ಮೀನಿನ ಮುಳ್ಳು ಜೋಡಿಸಿಟ್ಟ ಹಾಗೆ.
ಏಡಿಯೊಂದು ಅಡ್ಡಡ್ಡ ಓಡುತ್ತಿತ್ತು,
ಕುರ್ಲಿ ಅಂದೆವು.
ಕೋಡಿಬಾಗದಲ್ಲಿ ಇನಾಸ್‌ಬಾಬನ ಅಂಗಡಿ,
ಮುಂದೆ ಸೈಕಲ್ ಪಂಕ್ಚರು, ಗೋಣಿಯ ಮರೆಗೆ ಎರಡು ಟೀವಿ,
ರೂಪಾಯಿಗೆ ಹತ್ತು ನಿಮಿಷ.
ಕರೆಂಟು ಹೋದರೆ ಹೋಯಿತು,
ಇನಾಸ್‌ಬಾಬ್ ದುಡ್ಡು ಹಿಂದೆ ಕೊಟ್ಟವನಲ್ಲ.

ಮೊನ್ನೆ ಉಲ್ಲಾಸನ ಮಗಳು ಪ್ರಣಾಲಿ
ಅದೇ ಆಟ ತಂದಳು, ಹೊಸದು ಮಾಡಿದ್ದು.
ಈಗ ನೀರಿಗೆ ನೀರಿನದೇ ಬಣ್ಣ.
ಏಡಿಯ ಬೆನ್ನ ಮೇಲೆ ಬೆಳಕು ಜಾರುತ್ತದೆ,
ಕಾಲಿಟ್ಟಲ್ಲಿ ಮರಳು ತುಸು ಕುಸಿಯುತ್ತದೆ.
ಸತ್ತರೆ ಸತ್ತಲ್ಲಿಂದಲೇ ಶುರು;
ಬೇಕಿದ್ದರೆ ಗುಂಡಿ ಒತ್ತಿ
ಸಾವನ್ನೇ ಹಿಂದಕ್ಕೆ ಸುತ್ತಬಹುದು.
ದಾರಿ ತಪ್ಪಿದರೆ ಹಳದಿ ಬಾಣ.

ಇದೆಂಥ ಆಟ ಮಾರಾಯ್ತಿ, ಅಂದೆ.
ನಮಗೆ ಮೂರೇ ಜೀವ.
ಮೂರೂ ಹೋದರೆ ಮತ್ತೆ ಮೊದಲ ತೀರ, ಮತ್ತೊಂದು ರೂಪಾಯಿ.
ಆ ರೂಪಾಯಿಗೆ ಬೈತಖೋಲದ ಧಕ್ಕೆಯಲ್ಲಿ
ಬುಟ್ಟಿಯಿಂದ ಜಾರಿದ ಬಂಗಡೆ ಹೆಕ್ಕಬೇಕು.
ಆರು ಬಂಗಡೆಗೆ ಮೂರು ಜೀವ.
ಅವಳು ತಲೆಯೆತ್ತದೆ ಅಂದಳು:
ಅಂಕಲ್, ಅದು ಕಷ್ಟದ ಆಟ ಅಲ್ಲ,
ದುಬಾರಿ ಆಟ.

ಉತ್ತರ ಸಿಗದೆ ನಾನು ಗೋಡೆಗೆ ಬಂದೆ.

ಏಳನೇ ತೀರದ ಕೊನೆಗೆ ಬಂಡೆಗೋಡೆ.
ಬುಡದಲ್ಲಿ ಏಡಿಯನ್ನು ಹಿಮ್ಮುಖ ನಿಲ್ಲಿಸಿ
ಕೆಳಗೆ, ಕೆಳಗೆ, ಜಿಗಿತ
ಒತ್ತಿದರೆ ಒಳಗೇ ಹೋಗಿಬಿಡುತ್ತಿತ್ತು.
ಅಲ್ಲಿ ನಾಣ್ಯವಿಲ್ಲ, ಶತ್ರುವಿಲ್ಲ.
ಕತ್ತಲೆ,
ಮತ್ತೆ ಇನ್ಯಾವುದೋ ತೀರದ ಅರ್ಧ ತೆಂಗಿನಮರ, ತಲೆಕೆಳಗಾಗಿ.
ಮಾಡಿದವರ ತಪ್ಪು ಅದು; ನಮ್ಮ ಆಸ್ತಿ.
ಉಲ್ಲಾಸ ಕಂಡುಹಿಡಿದದ್ದು.
ಒಳಗೆ ಆಟದ ಗಡಿಯಾರವೂ ನಿಲ್ಲುತ್ತಿತ್ತು
(ಇನಾಸ್‌ಬಾಬನದು ನಿಲ್ಲುತ್ತಿರಲಿಲ್ಲ).

ಹೊಸದರಲ್ಲಿ ಗೋಡೆ ಅಂದರೆ ಗೋಡೆ.
ಅರ್ಧ ಗಂಟೆ ಒತ್ತಿದೆ. ಏಡಿ ಹಣೆ ಚಚ್ಚಿಕೊಂಡಿತು,
ಏಡಿಗೆ ಹಣೆ ಇದೆಯೋ ಇಲ್ಲವೋ.
ಬಾಣ ಬಂತು: ಈ ಕಡೆ, ಈ ಕಡೆ.

ನೌಕಾನೆಲೆಗೆ ಊರು ಬಿಟ್ಟು
ನಾವು ಕಾಲೊನಿಗೆ ಬಂದ ದಿನ
ಅಜ್ಜಿ ನಲ್ಲಿ ತಿರುಗಿಸಿ ತಿರುಗಿಸಿ ನಕ್ಕಳು.
ಹಳೇ ಊರೇ ಚೆಂದ ಅಂದ ಗಂಡಸರಿಗೆ
ನೀರು ಹೊತ್ತವರ್ಯಾರು, ಎಂದು ಕೇಳಿದಳು.
ಮೂರನೇ ದಿನ ಹಿತ್ತಿಲಿಗೆ ಹೋಗಿ
ಬೇಲಿಯಲ್ಲಿ ನುಸುಳುವ ಸಂದು ಹುಡುಕಿದಳು.
ಬೇಲಿ ಇರಲಿಲ್ಲ, ಕಾಂಪೌಂಡು.
ಪಕ್ಕದ ನಲವತ್ತೆರಡನೇ ನಂಬರಿಗೆ
ಒಂದು ಸೌಟು ಸಾರು ಕೊಡಲು
ಇಡೀ ರಸ್ತೆ ಸುತ್ತಿದಳು.

ಅಷ್ಟರಲ್ಲಿ ಉಲ್ಲಾಸ ಬಂದ.
ಟ್ರಾಲರಿನ ವಿಂಚಿಗೆ ಬಲಗೈಯ ಎರಡು ಬೆರಳು ಕೊಟ್ಟು ಹನ್ನೊಂದು ವರ್ಷ.
ಪ್ರಣಾಲಿ ಏನೋ ಬದಲಿಸಿದಳು:
ಜಿಗಿತ ಎಡಗೈಗೆ ಬಂತು, ಏಡಿ ಅರ್ಧ ವೇಗಕ್ಕಿಳಿಯಿತು.
ಹಳೆಯ ಡಬ್ಬಿ ಇದಕ್ಕೆ ಒಪ್ಪುತ್ತಿರಲಿಲ್ಲ.
ಲುಂಗಿ ಮಡಚಿ ಕೂತ.
ನಾಲ್ಕರಲ್ಲಿ ಸತ್ತ, ಸಾವನ್ನು ಹಿಂದಕ್ಕೆ ಸುತ್ತಿದ,
ನಾಚಿಕೆಯೇ ಇಲ್ಲದೆ ನಕ್ಕ.
ಕುರ್ಲಿಯ ಕೊಂಬು ಮುರಿದರೆ ಮತ್ತೆ ಬರ್ತದೆ, ಗೊತ್ತಲ್ಲ, ಅಂದ.
ಸಣ್ಣದು ಬರ್ತದೆ. ಆದರೆ ಹಿಡೀತದೆ.

ಆಟ ಹೊಸದು ಮಾಡುವವರೇ,
ನೀರಿಗೆ ಬಣ್ಣ ಹಚ್ಚಿ, ಕೈಗೆ ತಕ್ಕ ಹಿಡಿಕೆ ಕೊಡಿ,
ನಾನಿನ್ನು ಜಗಳಕ್ಕೆ ಬರುವುದಿಲ್ಲ.
ತೂತು ಮುಚ್ಚುವ ಮೊದಲು ಮಾತ್ರ
ಒಳಗೆ ಯಾರಾದರೂ ಇದ್ದೀರಾ ಅಂತ
ಒಮ್ಮೆ ಕೂಗಿ ನೋಡಿ.

ಏಳನೇ ತೀರ.
ನಾನು ಏನೂ ಹೇಳಲಿಲ್ಲ.
ಅವನು ಏಡಿಯನ್ನು ಹಿಮ್ಮುಖ ನಿಲ್ಲಿಸಿದ.
ಕೆಳಗೆ, ಕೆಳಗೆ, ಜಿಗಿತ.
ಮತ್ತೆ.
ಅಪ್ಪಾ, ಆ ಕಡೆ ಏನೂ ಇಲ್ಲ.
ಗೊತ್ತು, ಅಂದ. ಆ ಬಾಣ ತೆಗೀಲಿಕ್ಕೆ ಬರ್ತದಾ?
ತೆಗೆದಳು.

ಏಡಿ ಗೋಡೆಯ ಬುಡದಲ್ಲಿ ನಿಂತಿದೆ.
ಮೇಲೆ ಮೂಲೆಯಲ್ಲಿ
ಗಡಿಯಾರ ಓಡುತ್ತಲೇ ಇದೆ.