ಒಂದೂವರೆ ಮಾರು, ಮೇಲೆ ಕೊಸರು

ಹನ್ನೊಂದನೇ ಕಟ್ಟು, ಮೂವತ್ತನಾಲ್ಕನೇ ಪತ್ರಿಕೆ.
ಹೆಸರಿಲ್ಲ, ಊರಿಲ್ಲ, ಬರೀ ಒಂದು ಸಂಕೇತ ಸಂಖ್ಯೆ.
ಅಂಚಿನಲ್ಲಿ ಎಣ್ಣೆಯದೋ ಬೆವರಿನದೋ ಹೆಬ್ಬೆಟ್ಟು.
ಪ್ರಶ್ನೆ: ಒಂದು ಎ.ಯು. ಎಂದರೆ ಎಷ್ಟು ಮೀಟರು?
ಉತ್ತರ, ನೀಲಿ ಶಾಯಿಯಲ್ಲಿ, ಗುಂಡು ಗುಂಡಗೆ:
ಐದು ಪಾಯಿಂಟು ಎರಡು ಒಂಬತ್ತು,
ಗುಣಿಸು ಹತ್ತರ ಘಾತ ಮೈನಸ್ ಹನ್ನೊಂದು.

ನಕ್ಕುಬಿಟ್ಟೆ. ಗಂಗೋತ್ರಿಯ ಆ ಹಾಲಿನಲ್ಲಿ
ಇನ್ನೂರು ಕೆಂಪು ಪೆನ್ನು ಒಮ್ಮೆಗೇ ನಿಂತವು.
ಪಕ್ಕದ ಸಿದ್ದರಾಜು ಮೇಷ್ಟ್ರಿಗೆ ತೋರಿಸಿದೆ:
'ನೋಡಿ ಸಾರ್, ಈ ಪುಣ್ಯಾತ್ಮ ಸೂರ್ಯನನ್ನ ತಂದು
ಹೈಡ್ರೋಜನ್ ಒಳಗೆ ಕೂರಿಸಿದ್ದಾನೆ.
ಎಲೆಕ್ಟ್ರಾನು ಓಡಾಡೋ ಓಣೀಲಿ ಭೂಮಿ ಸುತ್ತುತ್ತಾ ಇದೆ.'
ಮೇಷ್ಟ್ರು ಕನ್ನಡಕ ಹಣೆಗೇರಿಸಿದರು. 'ಕೀ ಉತ್ತರ ಏನಂತದೆ?'
ಒಂದು ಪಾಯಿಂಟು ನಾಲ್ಕು ಒಂಬತ್ತು ಆರು,
ಪ್ಲಸ್ ಹನ್ನೊಂದು.
'ಹಂಗಾರೆ ಸೊನ್ನೆ. ಟೀ ಬತ್ತಾ ಅದೆ, ಮುಗ್ಸಿ.'

ಸೊನ್ನೆ ಅರ್ಧ ಸುತ್ತಿ ಪೆನ್ನು ನಿಂತಿತು.
ಎ.ಯು. ಅಂದರೆ ಆಕಾಶದವರಿಗೆ ಸೂರ್ಯನ ದೂರ;
ಅಣುವಿನವರಿಗೆ, ಅದೇ ಎರಡಕ್ಷರ,
ಹೈಡ್ರೋಜನ್ನಿನ ತ್ರಿಜ್ಯ.
ಇಂಗ್ಲಿಷಿನವರು ದೊಡ್ಡಕ್ಷರ ಚಿಕ್ಕಕ್ಷರ ಅಂತ
ಹೇಗೋ ಬೇರೆ ಮಾಡಿಕೊಂಡಾರು.
ನಮಗೆ ಒತ್ತುಂಟು, ದೀರ್ಘವುಂಟು, ತಲೆಕಟ್ಟುಂಟು,
ದೊಡ್ಡವರಿಗೊಂದು ಅ, ಸಣ್ಣವರಿಗೊಂದು ಅ ಎಂಬುದಿಲ್ಲ.
ಪ್ರಶ್ನೆ ತೆಗೆದವರೂ ಹೇಳಿರಲಿಲ್ಲ
ಮುಗಿಲಿನದೋ, ಮೂಗುಬೊಟ್ಟಿನ ಚಿನ್ನದೊಳಗಿನದೋ ಎಂದು.

ಕೊನೆಯ ಪುಟದಲ್ಲಿ ಅಡ್ಡಗೀಟು ಹೊಡೆದ ಕಚ್ಚಾ ಲೆಕ್ಕ:
ಒಂದನ್ನು ಇನ್ನೊಂದರಿಂದ ಭಾಗಿಸಿ
ಎರಡು ಪಾಯಿಂಟು ಎಂಟು ಮೂರು, ಹತ್ತರ ಘಾತ ಇಪ್ಪತ್ತೊಂದು.
ಎರಡೂ ಗೊತ್ತಿತ್ತು.
ಎರಡರ ನಡುವಿನ ಕಂದಕವನ್ನೂ ಅಳೆದಿದ್ದಾನೆ,
ಅಥವಾ ಅಳೆದಿದ್ದಾಳೆ,
ಆಮೇಲೆ ಯಾಕೋ ಚಿಕ್ಕದನ್ನು ನಂಬಿ ಎದ್ದು ಹೋಗಿದ್ದಾರೆ.
ಎಷ್ಟು ಅಂಕ ಕೊಟ್ಟೆನೆಂದು ಕೇಳಬೇಡಿ. ಅದು ಗೋಪ್ಯ.

ಸಂಜೆ ದೇವರಾಜ ಮಾರುಕಟ್ಟೆ.
ಮೂವತ್ತು ವರ್ಷ ನಮ್ಮ ಲ್ಯಾಬಿನ
ವರ್ನಿಯರ್ ಕ್ಯಾಲಿಪರು ಒರೆಸಿಟ್ಟ ಕಾಳಮಾದಯ್ಯನಿಗೆ
ನಾಳೆ ನಿವೃತ್ತಿ; ಹಾರ ನನ್ನ ಪಾಲಿಗೆ ಬಂದಿತ್ತು.
'ಆರು ಮೊಳ ಮಲ್ಲಿಗೆ' ಅಂದೆ.
ಕೆಂಪಾಜಮ್ಮ ಮೊಣಕೈಯಿಂದ ನಡುಬೆರಳಿಗೆ ಎಳೆದಳು,
ಒಂದು, ಎರಡು, ಬಾಯಲ್ಲಿ ಎಲೆಯಡಿಕೆ, ಮೂರು.
'ನಿನ್ನ ಮೊಳ ಗಿಡ್ಡ' ಎಂದು ಯಾರೋ ಜಗಳ ತೆಗೆದರು.
'ಹಂಗಾರೆ ನಿಮ್ ಕೈ ಇಲ್ಲೇ ಬುಟ್ಟೋಗ್ರವ್ವ, ಅದ್ರಲ್ಲೇ ಅಳ್ದು ಕೊಡ್ತೀನಿ!'
ಆರಾದ ಮೇಲೆ ನಾಲ್ಕು ಬೆರಳು ಕೊಸರು ಬಿಟ್ಟು ಕತ್ತರಿಸಿದಳು.

ಮಂಡ್ಯದ ಬಸ್ಸಿನಲ್ಲಿ ಕಿಟಕಿ ಪಕ್ಕ, ಬಾಳೆಯೆಲೆಯ ಪೊಟ್ಟಣ ತೊಡೆಯ ಮೇಲೆ.
ಟಿಕೆಟ್ಟಿನ ಹಿಂದೆ, ಸುಮ್ಮನೆ,
ಭಾಗಿಸುವ ಬದಲು ಎರಡನ್ನೂ ಗುಣಿಸಿದೆ.
ಪ್ಲಸ್ ಹನ್ನೊಂದು ಮೈನಸ್ ಹನ್ನೊಂದು
ಪರಸ್ಪರ ಹೊಡೆದುಕೊಂಡು ಹೋದವು.
ಉಳಿದದ್ದು ಏಳು ಪಾಯಿಂಟು ಒಂಬತ್ತು.
ವರ್ಗಮೂಲ: ಎರಡು ಮೀಟರು ಎಂಬತ್ತೊಂದು ಸೆಂಟಿಮೀಟರು.
ಶ್ರೀರಂಗಪಟ್ಟಣ ದಾಟುವಾಗ ಹೊಳೆಯಿತು:
ಒಂದೂವರೆ ಮಾರು, ಮೇಲೆ ನಾಲ್ಕು ಬೆರಳು.

ಅಣು ಐದು ಸಾವಿರದ ಮುನ್ನೂರು ಕೋಟಿ ಪಟ್ಟು ಬೆಳೆದರೆ
ಈ ಪೊಟ್ಟಣದೊಳಗಿನ ದಂಡೆ.
ದಂಡೆ ಮತ್ತೆ ಅಷ್ಟೇ ಪಟ್ಟು ಬೆಳೆದರೆ
ಬಸ್ಸಿನ ಹಿಂದೆ, ಕೆಂಪಗೆ ಇಳಿಯುತ್ತಿದ್ದ ಅವನು.
ನಟ್ಟನಡುವೆ ಒದ್ದೆ ದಾರ, ಮೊಗ್ಗು,
ಕಾಳಮಾದಯ್ಯನ ಕೊರಳು.

ಮನೆಗೆ ಬಂದವಳೇ ಚಪ್ಪಲಿಯಲ್ಲೇ ನಿಂತು ಟೇಪು ಹಿಡಿದೆ.
ಎರಡು ಮೀಟರು ಎಪ್ಪತ್ತು.
ಮತ್ತೆ ಹಿಡಿದೆ. ಎಪ್ಪತ್ತೇ.
ಕೆಂಪಾಜಮ್ಮನ ಮೊಳ ನಿಜಕ್ಕೂ ಗಿಡ್ಡ.
ಆ ಲೆಕ್ಕದಲ್ಲಿ, ಅಣುವನ್ನು ಅಲ್ಲಾಡಿಸದೆ ಬಿಟ್ಟರೆ,
ಸೂರ್ಯ ಒಂದು ಕೋಟಿ ಹದಿನೆಂಟು ಲಕ್ಷ ಕಿಲೋಮೀಟರು
ಹತ್ತಿರ ಬರಬೇಕು.

ಫ್ರಿಜ್ಜಿನಲ್ಲಿಟ್ಟೆ, ಬಾಡದ ಹಾಗೆ.