ಹದಿನೇಳನೇ ತಾರೀಕು, ಅಮ್ಮತ್ತಿ

ಪಾಲಕ್ ಎರಡು ಕಟ್ಟು ಸಾಕೇ ಎಂದು
ನಾನು ಲೆಕ್ಕ ಹಾಕುತ್ತಿರುವಾಗಲೇ
ಅಡುಗೆಮನೆಯ ಬಾಗಿಲಲ್ಲಿ ಅತ್ತೆ:
"ಕಡಂಬುಟ್ಟಿಗೆ ಸೊಪ್ಪೇ? ಯಾರು ಸತ್ತರು?"

ಯಾರೂ ಇಲ್ಲ, ಹಬ್ಬ, ಎಂದೆ. ಆಮೇಲೆ ನೆನಪಾಯಿತು,
ಒಬ್ಬರು ಸತ್ತಿದ್ದಾರೆ ನಿಜ,
ಸಾವಿರದೈನೂರು ವರ್ಷದ ಹಿಂದೆ, ಇದೇ ದಿನ,
ನನ್ನ ಮಕ್ಕಳು ಹುಟ್ಟಿದ ದೇಶದಲ್ಲಿ.

ಕಾರ್ಕ್ ಊರಿನ ಆಸ್ಪತ್ರೆಯಲ್ಲಿ ಹತ್ತು ವರ್ಷ
ರಾತ್ರಿ ಪಾಳಿ ಮಾಡಿದವಳು ನಾನು.
ಹಬ್ಬದ ಬೆಳಿಗ್ಗೆ ಷೂ ಕೂಡ ಬದಲಿಸದೆ
ಮೆರವಣಿಗೆಯ ಬದಿಗೆ ನಿಂತು ತೂಕಡಿಸುತ್ತಿದ್ದೆ.
ಕೆನ್ನೆಗೆ ಹಸಿರು ಬಳಿದುಕೊಂಡ ದೇಚು ಬೆರಳು ಜಗ್ಗಿ
"ಅವ್ವ, ಡೋಲು ಬಂತು, ಕಣ್ಣು ಬಿಡು" ಅನ್ನುತ್ತಿದ್ದಳು.
ಇಲ್ಲಿಗೆ ಬಂದು ಒಂಬತ್ತು ತಿಂಗಳು.
ಶಾಲೆಯಲ್ಲಿ ಒತ್ತಕ್ಷರ ಅವಳನ್ನು ಅಳಿಸುತ್ತದೆ.
ಈ ಒಂದು ದಿನವಾದರೂ
ಅವಳಿಗೆ ಗೊತ್ತಿರುವುದು
ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರದೆ ಇರಲಿ.

ಅಂಗಿಗೆ ಸಿಕ್ಕಿಸಲು ಮೂರೆಲೆಯ ಸೊಪ್ಪು ಬೇಕಂತೆ.
ಹೂಮಳೆ ಇನ್ನೂ ಬಿದ್ದಿಲ್ಲ, ಅಂಗಳದ ಹುಲ್ಲು ಹಪ್ಪಳ.
ನಲ್ಲಿ ಸೋರುವ ಜಾಗದಲ್ಲಿ ಮಂಡಿಯೂರಿ ನಾಚಪ್ಪ ಹುಡುಕಿದ:
ಪುಲ್ಲಂಪುರಚಿ! ಒಂದೊಂದು ಕಡ್ಡಿಗೂ ಮೂರು.
ಸಿಕ್ಕಿಸಿದ್ದು ಎರಡು, ತಿಂದದ್ದು ಹಿಡಿ ತುಂಬ,
ಹುಳಿಗೆ ಒಂದು ಕಣ್ಣು ಮುಚ್ಚಿಕೊಂಡು.

"ಎಲೆ ಮೂರು, ಕಡ್ಡಿ ಒಂದೇ. ದೇವರೂ ಹಾಗೇ"
ದೇಚು ಅಲ್ಲಿನ ಟೀಚರ್ ದನಿಯಲ್ಲಿ ಪಾಠ ಮಾಡಿದಳು.
ಅತ್ತೆ ಎಣಿಸಿದರು, ಒಮ್ಮೆ, ಮತ್ತೊಮ್ಮೆ:
ಕಾವೇರಮ್ಮ, ಇಗ್ಗುತಪ್ಪ, ಗುರುಕಾರೋಣ.
"ಸರಿ ಇದೆ."
ಪುಟ್ಟಿನ ವಿಷಯಕ್ಕೂ ರಾಜಿಯಾದರು:
"ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪು ಹಾಕಿ
ನಾವು ನೇರಳೆ ತಿನ್ನುವುದಿಲ್ಲವೇ? ಇವರದು ಹಸಿರು."
ಕಕ್ಕಡದ ಮರುದಿನ ನೆನಪಾಗಿ ನಾಚಪ್ಪ ಕುಣಿದ:
"ಹಾಗಾದರೆ ನಾಳೆ ಉಚ್ಚೆಯೂ ಹಸಿರಾ?"

ಸಂಜೆ ಮೆರವಣಿಗೆ, ಜಗಲಿಯಿಂದ ಗೇಟಿಗೆ, ಗೇಟಿನಿಂದ ಬಾವಿಗೆ.
ಮುಂದೆ ದೇಚು, ನನ್ನ ಹಳೇ ಹಸಿರು ದುಪ್ಪಟ್ಟದಲ್ಲಿ.
ಹಿಂದೆ ನಾಚಪ್ಪ, ನಡುವೆ ಪಕ್ಕದ ಮನೆಯ ನೌಫಲ್,
ಸ್ಪೋರ್ಟ್ಸ್ ಡೇ ಟೀಶರ್ಟು ಹಾಕಿ ತಟ್ಟೆ ಬಡಿಯುತ್ತ.
ಕೊನೆಯಲ್ಲಿ ನಾಯಿ, ರಾಕಿ, ಅರ್ಥವಾಗದಿದ್ದರೂ ಗಂಭೀರ.
"ಹಾಗಲ್ಲ, ದುಡಿ ಬಡಿದ ಹಾಗೆ ಬಡಿ" ಎಂದು
ಕುಳಿತಲ್ಲೇ ಅತ್ತೆ ತೊಡೆ ತಟ್ಟಿ ತೋರಿಸಿದರು.

ಪುಟ್ಟು ಹಸಿರು, ಪಂದಿಕರಿ ಎಂದಿನಂತೆ ಕಪ್ಪು,
ನೌಫಲ್‌ಗೆ ಬೇರೆ ಬಟ್ಟಲಲ್ಲಿ ಜೇನುತುಪ್ಪ.
ಊಟದ ನಡುವೆ ದೇಚು ಕಥೆಯ ಕೊನೆ ಹೇಳಿದಳು:
ಆ ಸಂತ ಬೆಟ್ಟದ ಮೇಲೆ ನಿಂತು ಕೋಲೆತ್ತಿದ,
ದೇಶದ ಹಾವೆಲ್ಲ ಸಮುದ್ರಕ್ಕೆ ಹೋದವು.

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು.
ನಮ್ಮ ಬಾವಿಯ ಹಿಂದೆ ನಾಗನ ಕಲ್ಲಿದೆ.
ಅಲ್ಲಿಗೆ ಕತ್ತಿ ಒಯ್ಯಬಾರದು, ಚಪ್ಪಲಿ ಬೇಡ, ಸಿಟ್ಟೂ ಬೇಡ.
"ಒಂದೂ ಉಳಿಯಲಿಲ್ಲವೇ?"
"ಒಂದೂ."
"ಮರಿಗಳು?"
ದೇಚು ನನ್ನ ಮುಖ ನೋಡಿದಳು.
ಪಾಠದಲ್ಲಿ ಮರಿಗಳಿರಲಿಲ್ಲ.
"ಈಜಿಕೊಂಡು ಇಲ್ಲಿಗೆ ಬಂದವು" ಎಂದ ನಾಚಪ್ಪ, ಬಾಯಿ ತುಂಬ ಪುಟ್ಟು,
"ನಮ್ಮ ಹಾಗೇ. ವಿಮಾನ ಇಲ್ಲ ಅಷ್ಟೇ."

ಪಾತ್ರೆ ತೊಳೆದಾದ ಮೇಲೆ ಅತ್ತೆ ಟಾರ್ಚು ಹಿಡಿದು ಹೊರಟರು,
ಬಾಳೆಲೆಯಲ್ಲಿ ಎರಡು ಪುಟ್ಟು, ಮೇಲೆ ಚೂರು ಬೆಲ್ಲ.
"ಅಷ್ಟು ದೂರದಿಂದ ಬಂದವು,
ಇಲ್ಲಿನ ದಾರಿ ಗೊತ್ತಿಲ್ಲ" ಎಂದರು, ಯಾರಿಗೆಂದು ನೋಡದೆ.
ನಾನು ಕಿಟಕಿಯಲ್ಲಿ ನಿಂತೆ.
ಟಾರ್ಚಿನ ಬೆಳಕು ಕಲ್ಲಿನ ಬಳಿ ಬಹಳ ಹೊತ್ತು ಕುಳಿತಿತ್ತು.

ಬೆಳಿಗ್ಗೆ ಆರಕ್ಕೆ ಎಲೆ ಖಾಲಿ.
ಮಕ್ಕಳು ಓಡಿಬರುವ ಮೊದಲೇ ಅತ್ತೆ
ನೈಟಿಯ ಅಂಚಿನಿಂದ ರಾಕಿಯ ಮೂತಿ ಒರೆಸುತ್ತಿದ್ದರು,
ಹಸಿರು ಹೋಗುವ ತನಕ.
ನಾನು ನೋಡಿದೆನೆಂದು ಅವರಿಗೆ ಗೊತ್ತು.

ಬಚ್ಚಲಿನಿಂದ ನಾಚಪ್ಪನ ದನಿ,
ದೇಶಕ್ಕೆಲ್ಲ ಕೇಳುವಂತೆ:
"ಇಲ್ಲ. ಹಳದಿಯೇ."