ಜೋಡಿ ಹೊಲಿಗೆ

ಬಳ್ಳಾರಿ ಕೌಲ್‌ಬಜಾರಿನ ಓಣಿ, ತಗಡಿನ ಮಾಳಿಗೆ,
ಹದಿನಾಲ್ಕು ಮಷೀನು. ನನ್ನದು ಏಳನೆಯದು.
ಜೀನ್ಸಿನ ಸೊಂಟಪಟ್ಟಿಗೆ ಅಳತೆಚೀಟಿ ಹೊಲಿಯುತ್ತೇನೆ:
ಮೂವತ್ತು, ಮೂವತ್ತೆರಡು, ಮೂವತ್ನಾಲ್ಕು.

ಶನಿವಾರ ಒಪ್ಪೊತ್ತು ಶಾಲೆ. ಹೊನ್ನೂರಿ ಬಂದು
ಚಿಂದಿಯ ಗುಡ್ಡೆ ಮೇಲೆ ಕೂತು ಲೆಕ್ಕ ತೆಗೆಯುತ್ತಾಳೆ.
'ಸರಿಯೋ ತಪ್ಪೋ ಬರೆಯಿರಿ.'

ಸಮ ಅನ್ನುವ ಗುರುತು ನೋಡಿ ನಕ್ಕೆ.
ಅಯ್ಯ, ಇದು ನಮ್ಮ ಜೋಡಿ ಹೊಲಿಗೆ!
ಎರಡು ಸೂಜಿ, ಎರಡು ಗೆರೆ, ನಡುವೆ ಕಾಲಿಂಚು,
ಎಲ್ಲೂ ಕೂಡಬಾರದು, ಎಲ್ಲೂ ಅಗಲಬಾರದು.

"ಹೊಲಿದ ಮಾತ್ರಕ್ಕೆ ನಿಜ ಆಗಲ್ಲವ್ವ.
ಏಳು ಸಮ ಎಂಟು ಅಂತಲೂ ಬರೆಯಾಕೆ ಬರ್ತೈತೆ.
ಸುಳ್ಳು, ಅಷ್ಟೇ."

ನನ್ನ ಕಾಲು ನಿಂತಿತು.
ಹೋದ ದೀಪಾವಳಿಗೆ ಮೂವತ್ತರ ಚೀಟಿ ಮುಗಿದಾಗ
ಎರ್ರಿಸ್ವಾಮಿ ಅಂದಿದ್ದ:
ಮೂವತ್ತೆರಡರದ್ದೇ ಹಾಕಕ್ಕ, ಯಾರು ಟೇಪು ಹಿಡೀತಾರೆ.
ಇನ್ನೂರು ಪ್ಯಾಂಟು. ನೆಟ್ಟಗಿನ ಹೊಲಿಗೆ.
ಎಲ್ಲೋ ಯಾವನೋ ಅಂಗಡಿಯ ಪರದೆ ಹಿಂದೆ
ಉಸಿರು ಬಿಗಿಹಿಡಿದು
ತನ್ನ ಹೊಟ್ಟೆಯನ್ನೇ ಬೈದುಕೊಂಡಿರಬೇಕು.

ಹೆಚ್ಚು ಕಡಿಮೆಯ ಗುರುತು ಬಾಯ್ತೆರೆದ ಕತ್ತರಿ.
ದೊಡ್ಡದರ ಕಡೆ ಬಾಯಿ.
ಅದರ ಕೆಳಗೆ ಒಂದೆಳೆ ಹೊಲಿಗೆ ಬಿದ್ದರೆ
'ಅಥವಾ ಸಮ' ಅಂತೆ.
ಐದು, ಐದಕ್ಕಿಂತ ಹೆಚ್ಚು: ತಪ್ಪು.
ಐದು, ಐದಕ್ಕಿಂತ ಹೆಚ್ಚು ಅಥವಾ ಸಮ: ಸರಿ.
ಅರ್ಧ ಸುಳ್ಳಲ್ಲವೇನೇ ಅದು?
"ಇನ್ನರ್ಧ ನಿಜ ಇದ್ರೆ ಸಾಕು. 'ಅಥವಾ' ಐತಲ್ಲ."

ಈ ವಾರ ಆರೂ ದಿನ ನಾನು ಐನೂರು ಮುಗಿಸಿದ್ದೆ.
ಐನೂರು ದಾಟಿದವರಿಗೆ ಐವತ್ತು ರೂಪಾಯಿ ಮೇಲೆ
ಅಂದಿದ್ದ ಎರ್ರಿಸ್ವಾಮಿ.
ದಾಟಿದವರಿಗೆ. ಮುಟ್ಟಿದವರಿಗಲ್ಲ.
ಆ ಒಂದೆಳೆ ಅವನು ಹಾಕಿರಲೇ ಇಲ್ಲ.
ಸುಳ್ಳು ಹೇಳಿದ ಅನ್ನುವ ಹಾಗೂ ಇಲ್ಲ.

ಕೊನೆಯ ಲೆಕ್ಕದ ಮುಂದೆ ಹುಡುಗಿ ಏನೂ ಬರೆದಿಲ್ಲ.
'ಎಕ್ಸ್, ಹತ್ತಕ್ಕಿಂತ ಕಡಿಮೆ.'
ಎಕ್ಸ್ ಅಂದರೆ ದೊಡ್ಡ ಸೈಜಲ್ಲವೇನೇ ಅಂದೆ.
ಅವಳು ನಗಲಿಲ್ಲ.
"ಅದು ಎಷ್ಟು ಅಂತ ಗೊತ್ತಾಗೋ ತನಕ
ಸರಿಯೂ ಅಲ್ಲ, ತಪ್ಪೂ ಅಲ್ಲ.
ಮೂರು ಇಟ್ಟರೆ ಸರಿ. ಹನ್ನೊಂದು ಇಟ್ಟರೆ ತಪ್ಪು.
ಹತ್ತು ಇಟ್ಟರೂ ತಪ್ಪೇ.
ಈಗ ಸುಮ್ಮನೆ ಕಾಯ್ತಾ ಐತೆ."

ಕರೆಂಟು ಹೋಯಿತು. ಹದಿನಾಲ್ಕು ಮಷೀನು ಒಮ್ಮೆಲೇ ಸುಮ್ಮನೆ.
ನನ್ನ ಸೂಜಿಯ ಕೆಳಗೆ
ಚೀಟಿಯಿಲ್ಲದ ಒಂದು ಪ್ಯಾಂಟು.
ಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಯಾರೋ ಬರೆದಿದ್ದರು, ಮೂವತ್ತೆರಡು.
ಮಬ್ಬಿನಲ್ಲೇ ದಾರದ ಡಬ್ಬಿ ತಡಕಿ
ಟೇಪು ತೆಗೆದೆ.